ಪರಮಾಣು ಸಾಯುತ್ತದಾ, ಟೀಚರ್?

ಪ್ರಶ್ನೆ: ಸರ್, ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಒಂದು ಶಾಲೆಯಲ್ಲಿ ಕನ್ನಡ ಮಾಧ್ಯಮದ ಎಂಟನೇ ಕ್ಲಾಸಿಗೆ ವಿಜ್ಞಾನ ಪಾಠ ಮಾಡುತ್ತೇನೆ. ದ್ರವ್ಯ, ಪರಮಾಣು, ಧಾತು, ಈ ಮೂರನ್ನು ಶುರು ಮಾಡುವುದೇ ಕಷ್ಟವಾಗಿದೆ. ವ್ಯಾಖ್ಯೆ ಕೇಳಿದರೆ ಮಕ್ಕಳು ಗಿಳಿಪಾಠ ಒಪ್ಪಿಸುತ್ತಾರೆ. ಮೊನ್ನೆ ಒಂದು ಲೋಟ ನೀರಿಗೆ ಉಪ್ಪು ಹಾಕಿ ಕದಡಿ, ಉಪ್ಪಿನ ಕಣ ಈಗ ಎಲ್ಲಿ ಹೋಯಿತು ಎಂದು ಕೇಳಿದೆ. ‘ಕರಗಿ ಮುಗಿಯಿತು’ ಎಂದರು ಸುಮಾರು ಜನ. ಒಬ್ಬ ಹುಡುಗ ಎದ್ದು ನಿಂತು ‘ಪರಮಾಣು ಸಾಯುತ್ತದಾ, ಟೀಚರ್?’ ಎಂದ. ಕ್ಲಾಸೆಲ್ಲ ನಕ್ಕಿತು. ನನಗೂ ಉತ್ತರ ಹೊಳೆಯಲಿಲ್ಲ. ಎಲ್ಲಿಂದ ಶುರು ಮಾಡಲಿ? ಧಾತು ಎನ್ನಲೋ ಮೂಲವಸ್ತು ಎನ್ನಲೋ ಎಂಬುದೂ ಗೊಂದಲ. ಲ್ಯಾಬಿನಲ್ಲಿ ಹೇಳಿಕೊಳ್ಳುವಂಥ ಸಾಮಾನೇನೂ ಇಲ್ಲ.

ಉತ್ತರ: ಟೀಚರೇ, ಮೊದಲು ಆ ಹುಡುಗನನ್ನು ಮುಂದಿನ ಬೆಂಚಿಗೆ ಕರೆದು ಕೂರಿಸಿ. ನೀವು ಹೇಳಿದ ಪದವನ್ನು ನಿಜವಾಗಿ ಕಿವಿಗೆ ಹಾಕಿಕೊಂಡವನು ಅವನೊಬ್ಬನೇ ಇರಬೇಕು.

ಅವನ ಮನೆಯಲ್ಲೋ ನೆರೆಯಲ್ಲೋ ಮಲಯಾಳ ಮಾತು ಇರಬಹುದು. ಮಲಯಾಳದಲ್ಲಿ ‘ಅಣುಬಾಧ’ ಎಂದರೆ ಸೋಂಕು. ‘ಅಣುನಾಶಿನಿ’ ಎಂದರೆ ನೆಲ ಒರೆಸುವಾಗ ಬಕೆಟಿಗೆ ಹಾಕುತ್ತೇವಲ್ಲ, ಆ ಕ್ರಿಮಿನಾಶಕ. ಕನ್ನಡದಲ್ಲೂ ರೋಗಾಣು, ಕೀಟಾಣು ಇದ್ದೇ ಇವೆ. ಅಣು ಎಂದರೆ ಜೀವ ಇರುವ ಸಣ್ಣ ಹುಳ ಎಂದು ಅವನ ತಲೆಯಲ್ಲಿ ಕೂತಿದ್ದರೆ, ಪರಮಾಣು ಎಂದರೆ ಇನ್ನೂ ಸಣ್ಣ ಹುಳ. ನೀರಿಗೆ ಬಿದ್ದು ಕಾಣದಂತಾದರೆ ಸತ್ತಿತೆಂದೇ ಲೆಕ್ಕ, ಅಲ್ವಾ? ಹುಡುಗ ತರ್ಕ ತಪ್ಪಲಿಲ್ಲ. ನಮ್ಮ ಪದಗಳು ಅವನನ್ನು ತಪ್ಪು ದಾರಿಗೆ ಕಳಿಸಿದವು.

ಕಾಸರಗೋಡಿನ ಕನ್ನಡ ಕ್ಲಾಸಿನಲ್ಲಿ ಈ ಪಾಠ ಬೇರೆ ಊರಿಗಿಂತ ಒಂದು ಮೆಟ್ಟಿಲು ಜಾಸ್ತಿ ಎಂದು ನಾನು ಹೇಳುವುದು ಇದಕ್ಕೇ. ಮಗು ಮನೆಯಲ್ಲಿ ತುಳುವೋ ಹವ್ಯಕವೋ ಮರಾಟಿಯೋ ಮಾತಾಡುತ್ತದೆ, ಬಸ್ಸಿನಲ್ಲಿ ಮಲಯಾಳ ಕೇಳುತ್ತದೆ, ಪುಸ್ತಕ ಕನ್ನಡದಲ್ಲಿ ಓದುತ್ತದೆ. ‘ದ್ರವ್ಯ’ ಎಂದ ಕೂಡಲೇ ಅರ್ಧ ಕ್ಲಾಸಿಗೆ ‘ದ್ರವ’ ಕೇಳಿಸುತ್ತದೆ. ಉಳಿದವರಿಗೆ ಪೂಜಾದ್ರವ್ಯ ನೆನಪಾಗುತ್ತದೆ. ‘ಧಾತು’ ಎಂದರೆ ಕನ್ನಡದ ಪುಸ್ತಕದಲ್ಲಿ ಕಬ್ಬಿಣ, ಚಿನ್ನ, ಆಮ್ಲಜನಕ. ಮಲಯಾಳದಲ್ಲಿ ಅದೇ ಪದಕ್ಕೆ ಖನಿಜ ಎಂದರ್ಥ. ಆಯುರ್ವೇದದ ವೈದ್ಯರ ಹತ್ತಿರ ಹೋದರೆ ರಸ, ರಕ್ತ, ಮಾಂಸ ಎಂದು ಏಳು ಧಾತು ಎಣಿಸುತ್ತಾರೆ. ವ್ಯಾಕರಣದ ಪಾಠದಲ್ಲಿ ಕ್ರಿಯಾಪದದ ಬೇರೂ ಧಾತುವೇ. ಇಷ್ಟು ಸಾಲದೆಂಬಂತೆ ನಾವು ‘ಅಣುಬಾಂಬ್’ ಎನ್ನುತ್ತೇವೆ, ಕೈಗಾದಲ್ಲಿ ‘ಅಣು ವಿದ್ಯುತ್’ ಎನ್ನುತ್ತೇವೆ. ಪುಸ್ತಕದ ಪ್ರಕಾರ ಅಣು ಎಂದರೆ ಪರಮಾಣುಗಳು ಕೂಡಿಕೊಂಡ ಗುಂಪು. ಆದರೆ ಕೈಗಾದಲ್ಲಿ ಒಡೆಯುವುದು ಪರಮಾಣುವಿನ ಒಳಗಿನ ಬೀಜ.

ಒಂದು ಪೀರಿಯಡ್ ಇದಕ್ಕೇ ಹೋದರೂ ಹೋಗಲಿ. ಬೋರ್ಡಿನ ಮೇಲೆ ಧಾತು, ಮೂಲವಸ್ತು, ಮಲಯಾಳದ ‘ಮೂಲಕಂ’ ಮೂರನ್ನೂ ಒಂದೇ ಸಾಲಿನಲ್ಲಿ ಬರೆದು, ಮೂರೂ ಒಂದೇ ಎಂದು ಹೇಳಿಬಿಡಿ. ಪುಸ್ತಕದಲ್ಲಿ ಯಾವುದಿದೆಯೋ ಅದು ಪರೀಕ್ಷೆಗೆ. ಬಾಯಲ್ಲಿ ನನ್ನ ಆಯ್ಕೆ ಮೂಲವಸ್ತು. ಅದರಲ್ಲಿ ‘ಮೂಲ’ ಇದೆ, ಮಲಯಾಳಕ್ಕೂ ಹತ್ತಿರ, ಮಗುವಿಗೆ ಹಿಡಿದುಕೊಳ್ಳಲು ಒಂದು ಹಿಡಿಕೆ ಸಿಗುತ್ತದೆ.

ಇನ್ನು ದ್ರವ್ಯ. ಇದಕ್ಕೆ ಜಾಸ್ತಿ ಹೊತ್ತು ಬೇಡ. ತೂಕ ಇರಬೇಕು, ಜಾಗ ಹಿಡಿಯಬೇಕು, ಅಷ್ಟೆ. ಕಲ್ಲು, ನೀರು ಎಲ್ಲರೂ ಒಪ್ಪುತ್ತಾರೆ. ಜಗಳ ಬರುವುದು ಗಾಳಿಯ ಹತ್ತಿರ. ಅಳೆಯುವ ಟೇಪು ಕೊಟ್ಟು ಕ್ಲಾಸ್‌ರೂಮನ್ನೇ ಅಳೆಯಲು ಹೇಳಿ. 20 ಅಡಿ ಉದ್ದ, 20 ಅಡಿ ಅಗಲ, 10 ಅಡಿ ಎತ್ತರ ಇದ್ದರೆ ಒಳಗಿರುವ ಗಾಳಿಯ ತೂಕ ಸುಮಾರು 130 ಕಿಲೋ. ಒಂದು ಲೀಟರ್ ಗಾಳಿ ಒಂದು ಗ್ರಾಮಿಗಿಂತ ಸ್ವಲ್ಪ ಜಾಸ್ತಿ ತೂಗುತ್ತದೆ, ಉಳಿದದ್ದು ಗುಣಾಕಾರ. 50 ಕಿಲೋದ ಎರಡೂವರೆ ಮೂಟೆ ಅಕ್ಕಿಯಷ್ಟು ಗಾಳಿಯ ಒಳಗೆ ಕೂತಿದ್ದೇವೆ ಎಂದು ಗೊತ್ತಾದ ಕೂಡಲೇ ಮಕ್ಕಳು ಒಂದು ಸಲ ಮೇಲೆ ನೋಡುತ್ತಾರೆ. ನನ್ನ ಸರ್ವಿಸಿನಲ್ಲಿ ಇದು ಒಮ್ಮೆಯೂ ತಪ್ಪಿಲ್ಲ. ಬೆಳಕು ದ್ರವ್ಯವಾ, ಬಿಸಿ ದ್ರವ್ಯವಾ ಎಂದು ಯಾರಾದರೂ ಕೇಳಿದರೆ ಅಲ್ಲ ಎನ್ನಿ, ಆದರೆ ನಗಬೇಡಿ. ಫ್ರಾನ್ಸಿನ ಲವಾಸಿಯೆ 1789ರಲ್ಲಿ ಮಾಡಿದ ಮೂಲವಸ್ತುಗಳ ಪಟ್ಟಿಯಲ್ಲಿ 33 ಹೆಸರುಗಳಿದ್ದವು. ಅದರಲ್ಲಿ ಬೆಳಕೂ ಇತ್ತು, ಬಿಸಿಯೂ ಇತ್ತು.

ಈಗ ಎಲ್ಲಿಂದ ಶುರು ಮಾಡುವುದು ಎಂಬ ಮಾತಿಗೆ ಬರೋಣ. ನನ್ನ ಉತ್ತರ ಒಂದೇ: ಪರಮಾಣುವಿನಿಂದ ಶುರು ಮಾಡಬೇಡಿ. ಅದು ಕಾಣುವುದಿಲ್ಲ, ಮುಟ್ಟಲಾಗುವುದಿಲ್ಲ, ಮಗುವಿನ ಹತ್ತಿರ ಅದರ ಬಗ್ಗೆ ಪ್ರಶ್ನೆಯೂ ಇಲ್ಲ. ಪ್ರಶ್ನೆ ಇಲ್ಲದವರಿಗೆ ಉತ್ತರ ಕೊಟ್ಟರೆ ಅವರು ಅದನ್ನು ಬಾಯಿಪಾಠ ಮಾಡಿ ಹಿಂದೆ ಕೊಡುತ್ತಾರೆ. ಬೇರೇನು ಮಾಡಿಯಾರು? ಒಂದು ವಸ್ತು ಕಣ್ಣೆದುರೇ ಕಾಣೆಯಾಗಬೇಕು, ಮತ್ತೆ ಕಣ್ಣೆದುರೇ ಬರಬೇಕು. ‘ಇಷ್ಟು ಹೊತ್ತು ಎಲ್ಲಿತ್ತು?’ ಎಂದು ಮಗುವೇ ಕೇಳಬೇಕು. ಪರಮಾಣು ಆಗ ಬರಲಿ.

ಅಂಥ ವಸ್ತು ನಿಮ್ಮ ಊರಿನ ಪ್ರತಿ ತೋಟದ ಮನೆಯಲ್ಲೂ ಇದೆ. ಮೈಲುತುತ್ತು, ಅಂದರೆ ತಾಮ್ರದ ಸಲ್ಫೇಟಿನ ನೀಲಿ ಹರಳು.

ನಾನು ಪೆರ್ಲ ಕಡೆಯವನು. ಮಳೆ ಹಿಡಿಯುವ ಮೊದಲು ಅಡಿಕೆಗೆ ಮದ್ದು ಬಿಡುವ ದಿನ ನಮಗೆ ಒಂಥರಾ ಹಬ್ಬ. ಒಂದು ಕಿಲೋ ಮೈಲುತುತ್ತು ಒಂದು ಕಡೆ, ಒಂದು ಕಿಲೋ ಸುಣ್ಣ ಇನ್ನೊಂದು ಕಡೆ, ಎರಡೂ ಸೇರಿ ನೂರು ಲೀಟರ್ ನೀರು. ನೀಲಿ ನೀರನ್ನು ಸುಣ್ಣದ ನೀರಿಗೆ ಹೊಯ್ದು ಕೋಲಿನಿಂದ ಕಲಸಿದರೆ ಆಕಾಶದ ಬಣ್ಣದ ಬೋರ್ಡೋ ದ್ರಾವಣ. ಮದ್ದು ಬಿಡಲು ಬರುತ್ತಿದ್ದವರು ಕೊನೆಗೆ ಸೊಂಟದ ಕತ್ತಿ ತೆಗೆದು ಕಲ್ಲಿಗೆ ತಿಕ್ಕಿ ಹೊಳಪು ಬರಿಸಿ ಒಂದು ನಿಮಿಷ ಮದ್ದಿಗೆ ಅದ್ದಿ ಹಿಡಿಯುತ್ತಿದ್ದರು. ಎತ್ತಿದಾಗ ಬಾಯಿ ಬೆಳ್ಳಗೇ ಇದ್ದರೆ ಸರಿ. ಕೆಂಪಗಾಗಿದ್ದರೆ, ‘ಸುಣ್ಣ ಸಾಲದು ಅಂತ ಕತ್ತಿ ಹೇಳ್ತದೆ’ ಎಂದು ಇನ್ನೊಂದು ತಂಬಿಗೆ ಸುಣ್ಣ ಹೊಯ್ಯಿಸುತ್ತಿದ್ದರು. ಆ ಕೆಂಪು ಏನೆಂದು ನನಗೆ ಗೊತ್ತಿರಲಿಲ್ಲ. ತುಕ್ಕು ಎಂದುಕೊಂಡಿದ್ದೆ. ಉಗುರಿನಿಂದ ಕೆರೆದರೆ ಬರುತ್ತಿತ್ತು, ಅಷ್ಟೇ ಗೊತ್ತು.

ಮುಂದೆ ನಾನು ಕೆಮಿಸ್ಟ್ರಿ ಓದಿದೆ, ಪಾಠವನ್ನೂ ಮಾಡಿದೆ. ಕಬ್ಬಿಣವು ತಾಮ್ರದ ಸಲ್ಫೇಟಿನಿಂದ ತಾಮ್ರವನ್ನು ಹೊರಗೆ ಹಾಕುತ್ತದೆ ಎಂಬ ಸಮೀಕರಣವನ್ನು ಬೋರ್ಡಿನ ಮೇಲೆ ಆರೇಳು ವರ್ಷ ಬರೆದೆ. ಒಂದು ದಿನ ಹಿಂದಿನ ಬೆಂಚಿನಿಂದ ಒಬ್ಬ, ‘ಸರ್, ಇದು ಮದ್ದಿನ ಕತ್ತಿ ಅಲ್ವಾ?’ ಎಂದ. ನಾನು ಚಾಕ್‌ಪೀಸ್ ಹಿಡಿದುಕೊಂಡು ಹಾಗೇ ನಿಂತೆ. ಅಷ್ಟು ವರ್ಷ ನನಗೇ ಹೊಳೆದಿರಲಿಲ್ಲ. ತೋಟದ ಕತ್ತಿ ತೋಟದಲ್ಲೇ ಉಳಿದಿತ್ತು, ಸಮೀಕರಣ ಪುಸ್ತಕದಲ್ಲೇ ಉಳಿದಿತ್ತು.

ಕ್ಲಾಸಿನಲ್ಲಿ ಇದನ್ನು ಎರಡು ದಿನ ಮಾಡಿ, ಅವಸರ ಬೇಡ. ಮೊದಲ ದಿನ ಮೈಲುತುತ್ತಿನ ಹರಳು ಒಂದೆರಡು ಚಮಚ ಒಂದು ಗಾಜಿನ ಲೋಟ ನೀರಿಗೆ ಹಾಕಿ. ಹರಳು ಮಾಯ, ನೀರು ನೀಲಿ. ಮರಳು ಕಾಗದದಿಂದ ಉಜ್ಜಿದ ಒಂದು ಕಬ್ಬಿಣದ ಮೊಳೆಯನ್ನು ನೂಲಿಗೆ ಕಟ್ಟಿ ಇಳಿಬಿಡಿ. ಹತ್ತು ಹದಿನೈದು ನಿಮಿಷದಲ್ಲಿ ಅದ್ದಿದಷ್ಟು ಭಾಗಕ್ಕೆ ಕೆಂಪು ಕೋಟು ಬರುತ್ತದೆ. ಮೊಳೆ ಎತ್ತಿ, ಮನೆಯಿಂದ ತಂದ ತಾಮ್ರದ ತಂಬಿಗೆಯ ಪಕ್ಕದಲ್ಲಿ ಹಿಡಿಯಿರಿ. ಆಗ ನೀವು ಬಾಯಿ ಬಿಡಬೇಡಿ. ಯಾವುದಾದರೂ ಮಗು ‘ತಾಮ್ರ!’ ಎನ್ನುತ್ತದೆ. ನೀಲಿ ನೀರಿನಲ್ಲಿ ತಾಮ್ರ ಇತ್ತಾ? ಇದ್ದರೆ ಕಾಣಲಿಲ್ಲ ಯಾಕೆ? ಲೋಟವನ್ನು ಮರುದಿನದವರೆಗೆ ಹಾಗೇ ಇಡಿ, ಮೊಳೆ ಎರಡು ಮೂರು ಜಾಸ್ತಿಯೇ ಇರಲಿ. ನೀಲಿ ಇಳಿದು ನೀರು ತೆಳು ಹಸಿರಾಗಿರುತ್ತದೆ. ತಾಮ್ರ ಹೊರಗೆ ಬಂದಷ್ಟೂ ಕಬ್ಬಿಣ ಒಳಗೆ ಹೋಗಿದೆ. ಬಸ್ಸಿನಲ್ಲಿ ಒಬ್ಬರು ಇಳಿದು ಇನ್ನೊಬ್ಬರು ಹತ್ತಿದ ಹಾಗೆ.

ಎರಡನೇ ದಿನದ ಕೆಲಸ ನನಗೆ ಇನ್ನೂ ಇಷ್ಟ. ಪುಡಿ ಮಾಡಿದ ಒಂದು ಚಿಟಿಕೆ ಮೈಲುತುತ್ತನ್ನು ಒಣಗಿದ ಟೆಸ್ಟ್‌ಟ್ಯೂಬಿಗೆ ಹಾಕಿ, ಸ್ಪಿರಿಟ್ ದೀಪದ ಮೇಲೆ ನಿಧಾನ ಬಿಸಿ ಮಾಡಿ. ಟ್ಯೂಬಿನ ಬಾಯಿ ಕೊಂಚ ಕೆಳಗೆ ಬಾಗಿರಲಿ. ಇಲ್ಲದಿದ್ದರೆ ಮೇಲೆ ಕೂತ ನೀರಿನ ಹನಿ ಬಿಸಿ ತಳಕ್ಕೆ ಇಳಿದು ಟ್ಯೂಬು ಚಟ್ ಎನ್ನುತ್ತದೆ. ನೀಲಿ ಪುಡಿ ಅಂಚಿನಿಂದ ಬೆಳ್ಳಗಾಗುತ್ತಾ ಬರುತ್ತದೆ. ಟ್ಯೂಬಿನ ಬಾಯಲ್ಲಿ ನೀರಿನ ಹನಿ ಕೂರುತ್ತದೆ. ಒಣ ಹರಳಿನಿಂದ ನೀರು! ಲೆಕ್ಕ ಹಾಕಿದರೆ ಒಂದು ಕಿಲೋ ಮೈಲುತುತ್ತಿನಲ್ಲಿ 360 ಗ್ರಾಂ ನೀರು, ಸುಮಾರು 250 ಗ್ರಾಂ ತಾಮ್ರ. ಕಾಲು ಕಿಲೋ ತಾಮ್ರ ಎಂದರೆ ಸಣ್ಣ ತಂಬಿಗೆಗೆ ಸಾಕು. ಆರಿದ ಬಿಳಿ ಪುಡಿಗೆ ಒಂದೇ ಒಂದು ಹನಿ ನೀರು ಬಿಡಿ. ತಟ್ಟನೆ ನೀಲಿ. ಮಕ್ಕಳು ‘ಇನ್ನೊಂದ್ಸಲ, ಇನ್ನೊಂದ್ಸಲ’ ಎನ್ನುತ್ತಾರೆ. ಮಾಡಿ. ಬಿಸಿ ಮಾತ್ರ ಮಿತಿಯಲ್ಲಿರಲಿ. ಪುಡಿ ಕಪ್ಪಗಾಗುವಷ್ಟು ಕಾಯಿಸಿದರೆ ಉಸಿರು ಕಟ್ಟುವ ಹೊಗೆ ಬರುತ್ತದೆ.

ಈಗ ಬೋರ್ಡಿನಲ್ಲಿ ಬಣ್ಣಗಳನ್ನು ಬರೆಸಿ. ತಂಬಿಗೆಯ ತಾಮ್ರ ಕೆಂಪು. ಮೈಲುತುತ್ತು ಕಡು ನೀಲಿ. ಕಾಯಿಸಿದ್ದು ಬಿಳಿ. ಮದ್ದು ಆಕಾಶನೀಲಿ. ಅಟ್ಟದ ಮೇಲೆ ವರ್ಷಗಟ್ಟಲೆ ಬಿದ್ದ ತಾಮ್ರದ ಹಂಡೆಯ ಮೇಲಿನ ಕಿಲುಬು ಹಸಿರು. ಎಲ್ಲದರಲ್ಲೂ ತಾಮ್ರ ಇದೆ. ಹಾಗಾದರೆ ತಾಮ್ರದ ಪರಮಾಣುವಿನ ಬಣ್ಣ ಯಾವುದು?

ಯಾವುದೂ ಅಲ್ಲ. ಬಣ್ಣ ಒಂಟಿ ಪರಮಾಣುವಿನ ಗುಣ ಅಲ್ಲ, ಅದು ಯಾರ ಜೊತೆ ಹೇಗೆ ಕೂತಿದೆ ಎಂಬುದರ ಫಲ. ಹೊಳಪು, ಗಟ್ಟಿತನ, ವಾಸನೆ, ಒದ್ದೆತನ ಎಲ್ಲವೂ ಹಾಗೇ. ಚಿನ್ನದ ಪರಮಾಣು ಹಳದಿ, ನೀರಿನ ಅಣು ಒದ್ದೆ, ಮಂಜುಗಡ್ಡೆಯ ಅಣು ತಣ್ಣಗೆ ಎಂದುಕೊಳ್ಳುವ ಮಕ್ಕಳು ಪ್ರಪಂಚದ ಎಲ್ಲ ಕಡೆ ಇದ್ದಾರೆ. ದೊಡ್ಡವರೂ ಇದ್ದಾರೆ. ಡಿಸೆಂಬರಿನ ಚಳಿಯ ಬೆಳಿಗ್ಗೆ ಬಾಟಲಿಯಲ್ಲಿ ತೆಂಗಿನೆಣ್ಣೆ ಹೆಪ್ಪುಗಟ್ಟಿರುತ್ತದಲ್ಲ, ಆಗ ಎಣ್ಣೆಯ ಅಣು ಗಟ್ಟಿಯಾಯಿತಾ ಎಂದು ಕೇಳಿ ನೋಡಿ. ಹೆಚ್ಚಿನವರು ಹೌದು ಎನ್ನುತ್ತಾರೆ. ಅಣು ಹಾಗೇ ಇದೆ, ಓಡಾಟ ಬಿಟ್ಟು ತನ್ನ ಜಾಗದಲ್ಲಿ ಕೂತಿದೆ, ಅಷ್ಟೆ. ಈ ಒಂದು ವಿಷಯ ಎಂಟನೇ ಕ್ಲಾಸಿನಲ್ಲಿ ತಲೆಗೆ ಹೋದರೆ ಪ್ಲಸ್ ಟೂವಿನಲ್ಲಿ ಅರ್ಧ ಕಷ್ಟ ಇಲ್ಲ. ಹೋಗದಿದ್ದರೆ ಎಂ.ಎಸ್‌ಸಿ. ಮುಗಿಸಿದರೂ ಒಳಗೊಳಗೆ ಉಳಿದಿರುತ್ತದೆ. ನಾನು ನೋಡಿದ್ದೇನೆ.

ಬಣ್ಣ ಬದಲಾಯಿತು, ರೂಪ ಬದಲಾಯಿತು, ತಾಮ್ರ ಮಾತ್ರ ಉಳಿಯಿತು. ಹೀಗೆ ಎಲ್ಲ ವೇಷದ ಕೆಳಗೆ ಉಳಿಯುವುದಕ್ಕೇ ಮೂಲವಸ್ತು ಎನ್ನುವುದು. ಯಕ್ಷಗಾನ ನೋಡಿದ ಮಕ್ಕಳಿಗೆ ಇದನ್ನು ಜಾಸ್ತಿ ವಿವರಿಸಬೇಕಾಗಿಲ್ಲ. ಬಣ್ಣದ ವೇಷವೇ ಇರಲಿ, ಸ್ತ್ರೀವೇಷವೇ ಇರಲಿ, ಚೌಕಿಯಲ್ಲಿ ಬಣ್ಣ ತೆಗೆದರೆ ಅದೇ ಮನುಷ್ಯ. (ನಿಮಗಾಗಿ ಮಾತ್ರ ಒಂದು ಮಾತು: ಮೈಲುತುತ್ತಿನಲ್ಲಿರುವ ತಾಮ್ರ ಎರಡು ಎಲೆಕ್ಟ್ರಾನ್ ಬಿಟ್ಟುಕೊಟ್ಟಿರುತ್ತದೆ, ಮೊಳೆಯ ಕಬ್ಬಿಣ ಅವನ್ನು ಹಿಂದೆ ಕೊಡುತ್ತದೆ. ಎಂಟನೇ ಕ್ಲಾಸಿಗೆ ಇದು ಈಗಲೇ ಬೇಡ.)

ಕಬ್ಬಿಣದ ವೇಷಗಳನ್ನು ಮಕ್ಕಳೇ ಹುಡುಕಲಿ. ಕತ್ತಿಯಲ್ಲಿ ಇದೆ. ಊರಿಡೀ ಮನೆ ಕಟ್ಟಿದ ಕೆಂಪು ಮುರಕಲ್ಲಿನ ಕೆಂಪು ಕಬ್ಬಿಣದ್ದೇ. ಅದೇ ಕಲ್ಲು ಕೊರೆದು ಸುರಂಗ ಮಾಡಿ ನಮ್ಮ ಹಿರಿಯರು ನೀರು ತಂದರು. ರಕ್ತದಲ್ಲಿ ಇದೆ. ಶಾಲೆಯಲ್ಲಿ ಕೊಡುವ ನೀಲಿ ಮಾತ್ರೆಯಲ್ಲಿ 60 ಮಿಲಿಗ್ರಾಂ ಇದೆ. ಆ ಮಾತ್ರೆಯ ಹತ್ತಿರ ಅಯಸ್ಕಾಂತ ಹಿಡಿದು ನೋಡಲಿ, ಅಲುಗುವುದಿಲ್ಲ. ಯಾಕೆ ಎಂಬುದಕ್ಕೆ ಉತ್ತರ ಈಗ ಅವರ ಹತ್ತಿರವೇ ಇದೆ.

ಮದ್ದಿನ ಇನ್ನೊಂದು ಅರ್ಧ ಸುಣ್ಣ. ಇದನ್ನು ಬಿಡಬೇಡಿ, ಯಾಕೆಂದರೆ ಸುಣ್ಣ ದೊಡ್ಡ ದೊಡ್ಡವರಿಗೇ ಟೋಪಿ ಹಾಕಿದೆ. ಲವಾಸಿಯೆಯ ಪಟ್ಟಿಯಲ್ಲಿ ಸುಣ್ಣವೂ ಒಂದು ಮೂಲವಸ್ತು. ಅವನೇನು ದಡ್ಡನಲ್ಲ. ಇದುವರೆಗೆ ಯಾವ ಉಪಾಯದಿಂದಲೂ ಒಡೆಯಲು ಆಗದ್ದನ್ನು ಮೂಲವಸ್ತು ಎನ್ನೋಣ ಎಂದು ಅವನು ಹೇಳಿದ್ದ, ಸುಣ್ಣವನ್ನು ಒಡೆಯಲು ಆಗ ಯಾರಿಗೂ ಆಗಿರಲಿಲ್ಲ. 1808ರಲ್ಲಿ ಇಂಗ್ಲೆಂಡಿನ ಹಂಫ್ರಿ ಡೇವಿ ವಿದ್ಯುತ್ ಹರಿಸಿ ಒಡೆದ. ಒಳಗಿನಿಂದ ಕ್ಯಾಲ್ಸಿಯಂ ಎಂಬ ಲೋಹ ಬಂತು. ಎಲೆ ಅಡಿಕೆಗೆ ಹಚ್ಚುವ ಬಿಳಿ ಸುಣ್ಣದಲ್ಲಿ ಒಂದು ಹೊಳೆಯುವ ಲೋಹ ಇದೆ ಎಂದರೆ ಮಕ್ಕಳು ಮೊದಲಿಗೆ ನಂಬುವುದಿಲ್ಲ. ನಂಬದಿರಲಿ, ಒಳ್ಳೆಯದೇ.

ಸುಣ್ಣದ ತಿರುಗಾಟವನ್ನು ಅವರಿಗೆ ತೋರಿಸಿ. ಹೊಳೆ ಕಡಲು ಸೇರುವಲ್ಲಿ ಸಿಗುವ ಮರುವಾಯಿಯನ್ನು, ಅಂದರೆ ಕಪ್ಪೆಚಿಪ್ಪನ್ನು, ಸುಣ್ಣದ ಗೂಡಿನಲ್ಲಿ ಸುಡುತ್ತಾರೆ. 100 ಕಿಲೋ ಶುದ್ಧ ಚಿಪ್ಪಿನ ವಸ್ತು ಸುಟ್ಟರೆ ಉಳಿಯುವುದು 56 ಕಿಲೋ ಸುಟ್ಟ ಸುಣ್ಣ. ಉಳಿದ 44 ಕಿಲೋ? ಸುಟ್ಟುಹೋಯಿತು ಎನ್ನುತ್ತಾರೆ ಮಕ್ಕಳು. ಸುಟ್ಟುಹೋಗಿಲ್ಲ, ಇಂಗಾಲದ ಡೈಆಕ್ಸೈಡ್ ಆಗಿ ಗಾಳಿಗೆ ಹೋಗಿದೆ. ಸುಟ್ಟ ಸುಣ್ಣಕ್ಕೆ ನೀರು ಹೊಯ್ದರೆ ಕೊತಕೊತ ಕುದಿದು ಅರಳುತ್ತದೆ. ಇದನ್ನು ದೂರದಿಂದ ನೋಡಲಿ, ಕಣ್ಣಿಗೆ ಹಾರಿದರೆ ಕಣ್ಣೇ ಹೋಗುತ್ತದೆ. ಅರಳಿದ ಸುಣ್ಣವನ್ನು ಗೋಡೆಗೆ ಬಳಿದರೆ ಅದು ಒಣಗುತ್ತಾ ಗಾಳಿಯಿಂದ ಅದೇ ಡೈಆಕ್ಸೈಡನ್ನು ಹೀರಿ ಮತ್ತೆ ಚಿಪ್ಪಿನ ವಸ್ತುವೇ ಆಗುತ್ತದೆ. ಕ್ಲಾಸಿನಲ್ಲಿ ಇದರ ಸಣ್ಣ ರೂಪ ಸುಲಭ. ಒಂದು ಚಮಚ ಸುಣ್ಣ ನೀರಿಗೆ ಹಾಕಿ ರಾತ್ರಿ ಇಟ್ಟು, ಮೇಲಿನ ತಿಳಿ ಬಸಿದು, ಸ್ಟ್ರಾ ಹಾಕಿ ಒಬ್ಬ ಊದಲಿ, ಒಳಗೆ ಎಳೆಯದ ಹಾಗೆ ನೀವು ಪಕ್ಕದಲ್ಲೇ ನಿಲ್ಲಿ. ತಿಳಿನೀರು ಹಾಲಾಗುತ್ತದೆ. ಅವನ ಉಸಿರೂ ಸುಣ್ಣವೂ ಸೇರಿ ಚಿಪ್ಪಿನ ಪುಡಿ ಆಯಿತು. ಕ್ಯಾಲ್ಸಿಯಂ ಮಾತ್ರ ಈ ಎಲ್ಲ ಓಡಾಟದಲ್ಲಿ ಒಂದಿಷ್ಟೂ ಕಳೆದುಹೋಗಲಿಲ್ಲ.

ಆರತಿಗೆ ಹಚ್ಚಿದ ಕರ್ಪೂರ ಏನೂ ಉಳಿಯದೆ ಉರಿಯುತ್ತದೆ ಎಂದು ನಾವೆಲ್ಲ ಕೇಳಿದ್ದೇವೆ. ಉರಿಯ ಮೇಲೆ ಒಂದು ಸ್ಟೀಲ್ ಚಮಚ ಹಿಡಿದರೆ ಕಾಡಿಗೆ ಕೂರುತ್ತದೆ. ಅದು ಇಂಗಾಲ. ಕರ್ಪೂರದೊಳಗೇ ಇತ್ತು. ಭಕ್ತಿಗೆ ಇದರಿಂದ ತೊಂದರೆ ಏನಿಲ್ಲ.

ಇಷ್ಟು ನೋಡಿದ ಮೇಲೆ ‘ಎಲ್ಲಿತ್ತು? ಹೇಗೆ ಉಳಿಯಿತು?’ ಎಂಬ ಪ್ರಶ್ನೆ ಕ್ಲಾಸಿನಲ್ಲಿ ತಾನಾಗಿ ಓಡಾಡುತ್ತಿರುತ್ತದೆ. ಈಗ ಪರಮಾಣು ತನ್ನಿ. ತಾಮ್ರ ತೀರಾ ಸಣ್ಣ ಕಣಗಳಾಗಿದೆ, ಆ ಕಣ ಕರಗುವುದಿಲ್ಲ, ಸುಡುವುದಿಲ್ಲ, ಸಾಯುವುದಿಲ್ಲ, ಜಾಗ ಮತ್ತು ಜೊತೆ ಬದಲಿಸುತ್ತದೆ. ನಿಮ್ಮ ಹುಡುಗನಿಗೆ ಉತ್ತರ ಇದು. ಜೀವವೇ ಇಲ್ಲದ್ದು ಸಾಯುವುದು ಹೇಗೆ? ಯುರೇನಿಯಂನಂಥ ಕೆಲವು ಪರಮಾಣು ತಾನಾಗಿ ಒಡೆಯುತ್ತವೆ ಎಂದು ಅವನೇ ಮುಂದೊಂದು ದಿನ ಬಂದು ನಿಮ್ಮನ್ನು ಕೇಳಬಹುದು, ಆಗ ನೋಡಿಕೊಳ್ಳೋಣ.

‘ಇದನ್ನು ಮೊದಲು ಹೇಳಿದ್ದು ಕಣಾದ ಅಲ್ವಾ?’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಅವನ ವೈಶೇಷಿಕ ದರ್ಶನದಲ್ಲಿ ಪರಮಾಣು ಇದೆ. ಮಣ್ಣು, ನೀರು, ಬೆಂಕಿ, ಗಾಳಿ ಎಂದು ನಾಲ್ಕು ಬಗೆ. ಗ್ರೀಸಿನಲ್ಲೂ ಡೆಮಾಕ್ರಿಟಸ್ ಹೀಗೇ ಯೋಚಿಸಿದ. ದೊಡ್ಡ ಯೋಚನೆಗಳೇ, ಅನುಮಾನ ಇಲ್ಲ. ಆದರೆ ತಕ್ಕಡಿ ಬಂದದ್ದು ಆಮೇಲೆ. ಇಂಗ್ಲೆಂಡಿನ ಜಾನ್ ಡಾಲ್ಟನ್, ಎಳೆಯ ವಯಸ್ಸಿನಿಂದಲೇ ಮೇಷ್ಟ್ರಾಗಿದ್ದವನು, ತೂಕದ ಲೆಕ್ಕದಿಂದ ಇಲ್ಲಿಗೆ ಬಂದ. 1808ರಲ್ಲಿ ಪುಸ್ತಕವಾಗಿ ಬರೆದ. ಹನ್ನೆರಡು ಗ್ರಾಂ ಇಂಗಾಲ ಹದಿನಾರು ಗ್ರಾಂ ಆಮ್ಲಜನಕದ ಜೊತೆ ಕೂಡಿದರೆ ಒಂದು ಅನಿಲ. ಮೂವತ್ತೆರಡರ ಜೊತೆ ಕೂಡಿದರೆ ಇನ್ನೊಂದು. ಇಪ್ಪತ್ತೊಂದರ ಜೊತೆ, ಇಪ್ಪತ್ತೇಳರ ಜೊತೆ ಕೂಡಿದ್ದು ಸಿಗುವುದೇ ಇಲ್ಲ. ಒಂದೋ, ಎರಡೋ. ಬಸ್ಸಿನಲ್ಲಿ ಹಾಫ್ ಟಿಕೆಟ್ ಇರಬಹುದು, ಅರ್ಧ ಮನುಷ್ಯ ಹತ್ತುವುದಿಲ್ಲ. ವಸ್ತು ಬಿಡಿ ಬಿಡಿ ಕಣಗಳಾಗಿರದಿದ್ದರೆ ಈ ಲೆಕ್ಕ ಬರುವ ಹಾಗಿಲ್ಲ.

ಎಷ್ಟು ಸಣ್ಣದು ಎಂಬುದನ್ನು ಸೊನ್ನೆ ಬರೆದು ಹೇಳಿದರೆ ಏನೂ ತಾಗುವುದಿಲ್ಲ. ಅಗಲದ ತಟ್ಟೆಯಲ್ಲಿ ನೀರು ಹಾಕಿ, ಮೇಲೆ ತೆಳ್ಳಗೆ ಟಾಲ್ಕಂ ಪೌಡರ್ ಚಿಮುಕಿಸಿ, ಸೂಜಿಯ ತುದಿಯಿಂದ ಒಂದಿಷ್ಟೇ ಎಣ್ಣೆ ಮುಟ್ಟಿಸಿ. ಪೌಡರ್ ಸರ್ರನೆ ಬದಿಗೆ ಓಡುತ್ತದೆ. ಬೆಂಜಮಿನ್ ಫ್ರಾಂಕ್ಲಿನ್ ಲಂಡನ್ನಿನ ಕ್ಲಾಪಂ ಕೆರೆಯಲ್ಲಿ ಇದನ್ನೇ ಮಾಡಿದ್ದ, ಅದರ ವರದಿ ಅಚ್ಚಾದದ್ದು 1774ರಲ್ಲಿ. ಒಂದು ಚಹಾ ಚಮಚ ಎಣ್ಣೆ ಅರ್ಧ ಎಕರೆ ನೀರಿನ ಮೇಲೆ ಹರಡಿತು. ಇನ್ನು ಭಾಗಾಕಾರ ಮಕ್ಕಳದ್ದು. ಐದು ಮಿಲಿಲೀಟರ್ ಎಣ್ಣೆ, ಅರ್ಧ ಎಕರೆ ಎಂದರೆ ಸುಮಾರು 2000 ಚದರ ಮೀಟರ್. ಪದರದ ದಪ್ಪ ಒಂದು ಮಿಲಿಮೀಟರಿನ ನಾಲ್ಕು ಲಕ್ಷದಲ್ಲಿ ಒಂದು ಪಾಲು. ಎಣ್ಣೆಯ ಅಣು ಇದಕ್ಕಿಂತ ದೊಡ್ಡದಿರಲು ಸಾಧ್ಯವಿಲ್ಲ. ಹೈಡ್ರೋಜನ್ ಪರಮಾಣು ಇನ್ನೂ ಸಣ್ಣದು. ಸ್ಕೇಲಿನ ಒಂದು ಮಿಲಿಮೀಟರಿಗೆ ಹತ್ತಿರ ಹತ್ತಿರ ಒಂದು ಕೋಟಿ ಸಾಲಾಗಿ ಕೂರುತ್ತವೆ. ಮೊಳೆಯ ಮೇಲೆ ಒಂದು ಮಿಲಿಗ್ರಾಂ ತಾಮ್ರ ಕೂತಿದ್ದರೆ ಅದರಲ್ಲಿರುವ ಪರಮಾಣು 9ರ ಮುಂದೆ 18 ಸೊನ್ನೆ ಇಟ್ಟಷ್ಟು.

ನಂಬದ ಮಗು ಇದ್ದರೆ ಬಲವಂತ ಮಾಡಬೇಡಿ. ವಿಲ್ಹೆಲ್ಮ್ ಓಸ್ಟ್‌ವಾಲ್ಡ್ ರಸಾಯನಶಾಸ್ತ್ರಕ್ಕೆ 1909ರಲ್ಲಿ ನೊಬೆಲ್ ಪಡೆದವರು. ಅದಕ್ಕೆ ಸ್ವಲ್ಪ ಮೊದಲಿನವರೆಗೂ ಅವರು ಪರಮಾಣು ಬರೀ ಲೆಕ್ಕದ ಅನುಕೂಲ ಎನ್ನುತ್ತಿದ್ದರು. ನೀರಿನಲ್ಲಿ ತೇಲುವ ಸಣ್ಣ ಕಣಗಳು ಸುಮ್ನೆ ಇರದೆ ನಡುಗುವುದನ್ನು ರಾಬರ್ಟ್ ಬ್ರೌನ್ 1827ರಲ್ಲಿ ಕಂಡಿದ್ದ. ಸುತ್ತಲಿನ ನೀರಿನ ಅಣುಗಳು ಗುದ್ದುವುದರಿಂದ ಹಾಗಾಗುತ್ತದೆ ಎಂಬ ಲೆಕ್ಕವನ್ನು 1905ರಲ್ಲಿ ಐನ್‌ಸ್ಟೈನ್ ಕೊಟ್ಟರು, ಫ್ರಾನ್ಸಿನ ಪೆರ‍್ಯಾಂ ಅಳೆದು ನೋಡಿದರು. ಆಮೇಲೆ ಓಸ್ಟ್‌ವಾಲ್ಡ್ ಒಪ್ಪಿದರು. 1989ರಲ್ಲಿ ಐಬಿಎಂ ಕಂಪೆನಿಯವರು 35 ಕ್ಸೆನಾನ್ ಪರಮಾಣುಗಳನ್ನು ಒಂದೊಂದಾಗಿ ದೂಡಿ ತಮ್ಮ ಹೆಸರಿನ ಮೂರು ಅಕ್ಷರ ಬರೆದರು. ಆ ಚಿತ್ರ ಇಂಟರ್ನೆಟ್ಟಿನಲ್ಲಿ ಸಿಗುತ್ತದೆ, ತೋರಿಸಿ.

ಪ್ರೋಟಾನ್, ಎಲೆಕ್ಟ್ರಾನ್, ಕವಚ? ಪುಸ್ತಕದಲ್ಲಿದ್ದರೆ ಮಾಡಲೇಬೇಕು, ಆದರೆ ಕೊನೆಗೆ. ಸೂರ್ಯನ ಸುತ್ತ ಗ್ರಹ ಸುತ್ತುವ ಥರದ ಆ ಚಿತ್ರ ನನಗೆ ಅಷ್ಟು ಹಿಡಿಸುವುದಿಲ್ಲ. ನಡುವಿನ ಬೀಜವನ್ನು ಕಿತ್ತಳೆಯಷ್ಟು ದೊಡ್ಡದು ಬರೆದಿರುತ್ತಾರೆ. ಬೇಕಲ ಕೋಟೆಗೆ ಟೂರ್ ಹೋಗಿದ್ದೀರಲ್ಲ? ಇಡೀ ಕೋಟೆ, ಸುಮಾರು 40 ಎಕರೆ, ಒಂದು ಪರಮಾಣು ಎಂದಿಟ್ಟುಕೊಂಡರೆ ನಡುವಿನ ಬೀಜ ಒಂದು ಒಳ್ಳೆಮೆಣಸಿನ ಕಾಳು. ಆದರೂ ತೂಕವೆಲ್ಲ ಹೆಚ್ಚುಕಡಿಮೆ ಆ ಕಾಳಿನಲ್ಲೇ. ರುದರ್‌ಫರ್ಡ್ 1911ರಲ್ಲಿ ಇದನ್ನು ಹೇಳಿದಾಗ ಅವರಿಗೇ ಆಶ್ಚರ್ಯ. ಕಣ ಮತ್ತು ಕಣದ ನಡುವೆ ಏನಿದೆ ಎಂದು ಕೇಳಿದರೂ ಮಕ್ಕಳು ‘ಗಾಳಿ’ ಎನ್ನುತ್ತಾರೆ. ‘ಗಾಳಿಯ ಕಣಗಳ ನಡುವೆ?’ ಎಂದು ತಿರುಗಿ ಕೇಳಿ, ಅಷ್ಟು ಸಾಕು.

ಮೂಲವಸ್ತುಗಳ ಕೋಷ್ಟಕವನ್ನು ಬಾಯಿಪಾಠ ಮಾಡಿಸಬೇಡಿ. ಇಪ್ಪತ್ತು ಕಾರ್ಡು ಮಾಡಿ. ಹೆಸರು, ತೂಕ, ಎರಡು ಗುಣ ಬರೆದು, ಒಂದು ಕಾರ್ಡನ್ನು ಕದ್ದಿಟ್ಟುಕೊಂಡು, ಜೋಡಿಸಲು ಕೊಡಿ. ಕಾಣೆಯಾದದ್ದು ಹೇಗಿರಬೇಕೆಂದು ಅವರು ಹೇಳಲಿ. ರಷ್ಯಾದ ಮೆಂಡಲೀವ್ 1869ರಲ್ಲಿ ಗೊತ್ತಿದ್ದ 63 ಮೂಲವಸ್ತು ಜೋಡಿಸಿ ಖಾಲಿ ಜಾಗ ಬಿಟ್ಟದ್ದು ಹೀಗೇ. ಆ ಖಾಲಿ ಜಾಗಗಳಿಗೆ ಅವನು ಹೆಸರಿಟ್ಟದ್ದು ಏಕ-ಅಲ್ಯೂಮಿನಿಯಂ, ಏಕ-ಬೋರಾನ್, ಏಕ-ಸಿಲಿಕಾನ್ ಎಂದು. ಸಂಸ್ಕೃತದ ‘ಏಕ’ವೇ. 1875ರಲ್ಲಿ ಫ್ರಾನ್ಸಿನಲ್ಲಿ ಗ್ಯಾಲಿಯಂ ಸಿಕ್ಕಿತು. ಕಂಡುಹಿಡಿದವರು ಅದರ ಸಾಂದ್ರತೆ 4.7 ಎಂದು ಬರೆದರು. ಆ ಲೋಹವನ್ನು ಕಣ್ಣಿನಲ್ಲಿ ನೋಡದ ಮೆಂಡಲೀವ್, ‘ನಿಮ್ಮದು ಶುದ್ಧ ಇಲ್ಲ, 5.9ರ ಹತ್ತಿರ ಬರಬೇಕು, ಮತ್ತೆ ನೋಡಿ’ ಎಂಬರ್ಥದಲ್ಲಿ ಬರೆದ. ಶುದ್ಧ ಮಾಡಿ ನೋಡಿದರೆ 5.9! ಈ ಕಥೆ ಹೇಳುವಾಗ ಈಗಲೂ ನನ್ನ ದನಿ ಸ್ವಲ್ಪ ಏರುತ್ತದೆ. ಈಗ ಪಟ್ಟಿಯಲ್ಲಿ 118 ಇವೆ.

ಕಂಚು, ಹಿತ್ತಾಳೆ ಮೂಲವಸ್ತುವಾ ಎಂಬ ಪ್ರಶ್ನೆ ಬಂದರೆ ಕೇರಳದ ಯಾವುದೇ ಚಿನ್ನದಂಗಡಿಯ ಜಾಹೀರಾತು ಸಾಕು. 916 ಎಂದರೆ ಸಾವಿರಕ್ಕೆ 916 ಪಾಲು ಚಿನ್ನ, ಉಳಿದದ್ದು ತಾಮ್ರ, ಬೆಳ್ಳಿ. ಬೆರಕೆ. ಹಿತ್ತಾಳೆಯೂ ಬೆರಕೆ, ತಾಮ್ರ ಮತ್ತು ಸತುವಿನದ್ದು.

ಸಾಮಾನಿನ ಬಗ್ಗೆ ಕೇಳಿದ್ದಿರಿ. ಮೈಲುತುತ್ತು 50 ಗ್ರಾಂ ಇದ್ದರೆ ಇಡೀ ವರ್ಷಕ್ಕೆ ಸಾಕು. ಗೊಬ್ಬರದ ಅಂಗಡಿಯಲ್ಲಿ ಸಿಗುತ್ತದೆ, ಇಲ್ಲವೇ ಮದ್ದು ಬಿಟ್ಟ ಯಾರದ್ದಾದರೂ ಮನೆಯಲ್ಲಿ ಉಳಿದಿರುತ್ತದೆ. ಮಕ್ಕಳ ಕೈಯಲ್ಲಿ ತರಿಸಬೇಡಿ, ಅದು ವಿಷ. ನೀವೇ ಹೋಗಿ ತನ್ನಿ. ಡಬ್ಬಿಯ ಮೇಲೆ ಹೆಸರು ಬರೆದು ಬೀಗ ಹಾಕಿಡಿ. ಉಳಿದ ನೀಲಿ ನೀರನ್ನು ಬಾವಿಕಟ್ಟೆಯ ಹತ್ತಿರ ಚೆಲ್ಲಬೇಡಿ. ಹಳೆಯ ಮೊಳೆಗಳನ್ನು ಹಾಕಿ ಎರಡು ದಿನ ಇಟ್ಟರೆ ತಾಮ್ರ ಮೊಳೆಗೆ ಹತ್ತಿ ನೀರಿನ ನೀಲಿ ಹೋಗುತ್ತದೆ. ತಳದಲ್ಲಿ ಉದುರಿದ ಕೆಂಪು ಪುಡಿ ತೆಗೆದು ಒಣಗಿಸಿ ಒಂದು ಸಣ್ಣ ಬಾಟಲಿಯಲ್ಲಿ ಹಾಕಿ, ‘ತಾಮ್ರ’ ಎಂದು ಚೀಟಿ ಅಂಟಿಸಿ. ಚೀಟಿ ಬರೆಯುವ ಕೆಲಸ ಆ ಹುಡುಗನಿಗೆ ಕೊಡಿ.